ಹಸಿರು ಅಂಗಿ

ಸಂಸೆಯ ಉಕ್ಕಿನ ಕಾರ್ಖಾನೆ ಸರ್ಕಾರದ್ದಾಗಿದ್ದಾಗ ಗುರುವಯ್ಯನಿಗೆ ಖಾಕಿ ಅಂಗಿ. ಮುಂಬೈಯವರು ಕೊಂಡಾಗ ನೀಲಿ, ಅವರು ಮಾರಿ ಹೋದಾಗ ಬೂದು. ಪ್ರತಿ ಸಲವೂ ಹೆಂಡತಿ ಅಣ್ಣಮ್ಮನೇ ತೋಳು ಗಿಡ್ಡ ಮಾಡಿ ಹೊಲಿದಿದ್ದಳು. ಈಗ ಮತ್ತೆ ಹೊಸ ಮಾಲೀಕರು. ಉಳಿಸಿಕೊಳ್ಳುವವರಿಗೆಲ್ಲ ಹಸಿರು ಅಂಗಿ ಹಂಚಿದರು. ಗುರುವಯ್ಯ ಬರಿಗೈಲಿ ಬಂದ.

“ಬೂದು ಅಂಗಿಗೇ ಹಸಿರು ಬಣ್ಣ ಹಾಕ್ತೀನಿ,” ಎಂದಳು ಅಣ್ಣಮ್ಮ.

“ಅಷ್ಟಕ್ಕೆ ಒಳಗೆ ಬಿಡ್ತಾರಾ ಮಾರಾಯ್ತಿ?”

“ಬಿಡದೆ! ಇಷ್ಟು ವರ್ಷ ಕುಲುಮೆ ಮುಂದೆ ಬೆಂದಿದ್ದು ನೀವಾ, ಅವರಾ?”

ಬೆಳಿಗ್ಗೆ ಗೇಟಿನವನು ಅಂಗಿ ನೋಡಿ ನಕ್ಕು, ಹಿಂದಕ್ಕೆ ಕಳಿಸಿದ. ದಾರಿಯ ಮಳೆಗೆ ಬಣ್ಣವೆಲ್ಲ ಗಂಡನ ಮೈಗಿಳಿದಿತ್ತು. ಅಣ್ಣಮ್ಮ ಬಚ್ಚಲಲ್ಲಿ ಕೂರಿಸಿ ಬೆನ್ನುಜ್ಜಿದಳು.

“ಇವರೂ ಮಾರಿ ಹೋಗ್ತಾರೆ, ನೋಡ್ತಿರಿ.”

“ಹೋಗ್ಲಿ. ಅಷ್ಟೊತ್ತಿಗೆ ನನ್ನನ್ನು ಯಾರು ಕರೀತಾರೆ?”

ಅಣ್ಣಮ್ಮ ಇನ್ನೊಂದು ಚೊಂಬು ಬಿಸಿನೀರು ಹೊಯ್ದಳು.