ನಾಗರತ್ನ ಚುಚ್ಚದ ದಾಳಿಂಬೆ

“ತೋಟದೊಳಕ್ಕೆ ಕಾಲಿಟ್ಟೀಯ, ಜೋಕೆ!” ಎಂದು ತೋಟದ ಯಜಮಾನ ಲಕ್ಷ್ಮೀನರಸಪ್ಪ ಕೂಗಿದರೂ ನಾಗರತ್ನ ಗೇಟು ದಬ್ಬಿಕೊಂಡು ಬಂದೇಬಿಟ್ಟಳು. ದಾಳಿಂಬೆ ಕೀಳುತ್ತಿದ್ದ ಹೆಂಗಸರ ಕೈಗಳೆಲ್ಲ ನಿಂತವು.

ಸೋಮವಾರ ಇದೇ ಹೆಂಗಸರ ಎದುರಿಗೇ ಅವಳನ್ನು ಅವನು ಕೆಲಸದಿಂದ ಓಡಿಸಿದ್ದ. ಹಣ್ಣಿನ ಮೈಮೇಲೆಲ್ಲ ಸೂಜಿ ಆಡಿಸಿದಂಥ ತೂತು, ತೂತಿನ ಸುತ್ತ ಕೊಳೆ. ಅವಳ ಬಳೆಗೆ ಪಿನ್ನೀಸು ನೇತಾಡುತ್ತಿದ್ದವು. ಯಾವ ಹೆಂಗಸಿನ ಬಳೆಗೆ ಇರುವುದಿಲ್ಲ? ಆದರೆ ಕುಡಿಯುವ ನೀರು ಇಡಿಸು ಎಂದು ಹಿಂದಿನ ದಿನ ಜಗಳಕ್ಕೆ ನಿಂತವಳು ಇವಳೊಬ್ಬಳೇ. “ಹೊಟ್ಟೆಕಿಚ್ಚಿಗೆ ಚುಚ್ಚವ್ಳೆ ಮನೆಹಾಳಿ” ಅಂದುಬಿಟ್ಟ. ಅಂದಿನಿಂದ ಊರಲ್ಲಿ ಒಬ್ಬರೂ ಅವಳನ್ನು ಕೆಲಸಕ್ಕೆ ಕರೆದಿಲ್ಲ. ಅವಳು ಹೋದ ಮೇಲೂ ತೂತು ಬೀಳುತ್ತಲೇ ಇದ್ದವು. “ಕತ್ತಲಾದ್ಮೇಲೆ ಕದ್ದು ಬತ್ತಾಳೆ” ಅಂದ.

ಇವತ್ತು ತೋಟಗಾರಿಕೆ ಇಲಾಖೆಯಿಂದ ಶ್ರೀಲತಾ ಬಂದಿದ್ದಳು; ಆ ಸುದ್ದಿ ಕೇಳಿಯೇ ನಾಗರತ್ನ ನುಗ್ಗಿ ಬಂದದ್ದು. ರಾಯದುರ್ಗದ ಕಡೆಯ ಹುಡುಗಿ. ಅವಳು ಹಣ್ಣು ನೋಡಿ, ಸೀದಾ ಬೇಲಿಯ ಅಮೃತಬಳ್ಳಿಯ ಹತ್ತಿರ ಹೋದಳು. ಕೊರೊನಾ ಕಾಲದಲ್ಲಿ ಕಷಾಯಕ್ಕೆಂದು ಲಕ್ಷ್ಮೀನರಸಪ್ಪನೇ ನೆಟ್ಟು, ಊರಿಗೆಲ್ಲ ಹಂಚಿ, ದೊಡ್ಡ ಹೆಸರು ತೆಗೆದುಕೊಂಡಿದ್ದ ಬಳ್ಳಿ ಅದು.

“ಇಲ್ಲಿ ನೋಡ್ರಿ” ಎಂದು ಎಲೆ ಮಗುಚಿದಳು. ಕಪ್ಪು ಹುಳ, ಪಕ್ಕೆಯಲ್ಲಿ ಕಣ್ಣಿನಂಥ ಚುಕ್ಕೆ. “ಇವು ಈ ಬಳ್ಳಿ ತಿಂದೇ ಬೆಳೀತಾವ್ರಿ. ರೆಕ್ಕಿ ಬಂದ ಮ್ಯಾಲ ರಾತ್ರಿ ನಿಮ್ಮ ಹಣ್ಣಿಗೆ ಬರ್ತಾವ.”

ಬಳ್ಳಿಯೊಳಗಿದ್ದ ಒಂದು ಒಣ ಎಲೆಯನ್ನು ಕಡ್ಡಿಯಿಂದ ಮುಟ್ಟಿದಳು. ಎಲೆ ಹಾರಿತು! ಅಂಗೈಯಗಲದ ಪತಂಗ. ಮೇಲಿನ ರೆಕ್ಕೆ ಥೇಟ್ ತರಗೆಲೆ, ಒಳಗಿನದು ಕಿತ್ತಳೆ ಬಣ್ಣ, ಅದಕ್ಕೆ ಕಪ್ಪು ಅಂಚು.

“ಯೂಡೋಸಿಮಾ ಅಂತಾರ್ರಿ ಈ ಜಾತಿಗೆ. ಸೊಂಡಿಲು ಮುಳ್ಳಿನಂಗ ಗಟ್ಟಿ. ಸಿಪ್ಪಿ ತೂರಿ ರಸ ಹೀರ್ತಾವ. ಆಫ್ರಿಕಾದಿಂದ ಆಸ್ಟ್ರೇಲಿಯಾ ತನ, ಬಿಸಿಲಿನ ದೇಶದಾಗೆಲ್ಲ ಅದಾವ್ರಿ.”

“ಆಸ್ಟ್ರೇಲಿಯಾದಾಗಿರೋದು ನನ್ನ ತೋಟಕ್ಯಾಕಮ್ಮ ಬತ್ತೈತೆ?” ಎಂದ ಲಕ್ಷ್ಮೀನರಸಪ್ಪ.

“ಅಲ್ಲಿಗೂ ನಾನೇ ಹೋಗಿ ಚುಚ್ಚಿ ಬಂದಿರ್ಬೇಕು ನರಸಣ್ಣ! ಬಸ್ ಚಾರ್ಜು ನೀನೇ ಕೊಟ್ಟಿದ್ದೆ, ನೆಪ್ಪಿಲ್ವಾ?” ಎಂದಳು ನಾಗರತ್ನ.

ಹಣ್ಣು ಕೀಳುತ್ತಿದ್ದ ಕದರಮ್ಮ ಕಿಸಕ್ಕನೆ ನಕ್ಕಳು. ನಾಗರತ್ನ ಅವಳ ಮೇಲೂ ಹಾರಿಬಿದ್ದಳು. “ನಗಬ್ಯಾಡ ಕದರಕ್ಕ. ಸೋಮವಾರ ನೀನೂ ಬಾಯಿ ಹೊಲ್ಕೊಂಡು ನಿಂತಿದ್ದೆ.”

ಲಕ್ಷ್ಮೀನರಸಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ. “ಆಯ್ತು ಬಿಡವ್ವ. ನಾಳೆಯಿಂದ ಕೆಲ್ಸಕ್ಕೆ ಬಾ. ಈ ಬಳ್ಳೀನ ನೀನೇ ಕಡ್ದು ಹಾಕು.”

“ಕೆಲ್ಸ ಕೇಳೋಕೆ ಬಂದೆ ಅಂದ್ಕೊಂಡ್ಯಾ? ಮನೆಹಾಳಿ ಅಂದೆಯಲ್ಲ, ಆ ಮಾತು ವಾಪಸ್ ತಗಾ.”

“ತಪ್ಪಾಯ್ತು” ಎಂದು ಅವನು ನೆಲಕ್ಕೆ ಹೇಳಿದ.

“ನೆಲಕ್ಕೇನು ಬೈದಿದ್ದಾ ನೀನು? ಇವ್ರ ಕಡೆ ತಿರುಗಿ ಹೇಳು. ಅವತ್ತು ಊರಾಚೆ ಕೇಳೋ ಹಂಗೆ ಕೂಗಿದ್ಯಲ್ಲ, ಅಷ್ಟೇ ಜೋರಾಗಿ.”

ಅವನು ಹಲ್ಲು ಕಚ್ಚಿದ. ಶ್ರೀಲತಾಳನ್ನು ನೋಡಿದ. ಅವಳು ಬೇರೆ ಕಡೆ ನೋಡಿದಳು. ಕೊನೆಗೆ ಹೆಂಗಸರತ್ತ ತಿರುಗಿ, ಅವರನ್ನೇ ಗದರುವವನ ಹಾಗೆ, “ಹಣ್ಣು ಚುಚ್ಚಿದ್ದು ನಾಗರತ್ನ ಅಲ್ಲ!” ಎಂದು ಕೂಗಿದ.

ಅವಳ ಸಿಟ್ಟು ಒಂದಿಷ್ಟೂ ಇಳಿಯಲಿಲ್ಲ. “ಬಳ್ಳಿ ನೀನೇ ಕಡ್ಕ” ಎಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಯರ್ರಪ್ಪನ ಕಡ್ಲೆಕಾಯಿ ಹೊಲದ ಕಡೆ ಕೆಲಸ ಕೇಳಲು ಬಿರಬಿರನೆ ನಡೆದಳು.