ಸೋಮವಾರದ ರೊಟ್ಟಿ

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೊರಟ ಬಸ್ಸಿನಲ್ಲಿ ಮೀನಾಳ ಪಕ್ಕದ ಸೀಟು ಖಾಲಿ ಇತ್ತು. ಮೂರು ಮಂದಿ ನಿಂತಿದ್ದರು. ಒಬ್ಬಾಕೆ ಸೀಟು ನೋಡಿ, ಮೀನಾಳನ್ನು ನೋಡಿ, ಕಂಬಿ ಹಿಡಿದು ನಿಂತೇ ಇದ್ದಳು. ಗಂಡ ಮಹೇಶಕುಮಾರ ಜೊತೆಗೆ ಬಂದಿರಲಿಲ್ಲ. "ನೀ ಕೂತ ಮ್ಯಾಲ ನನಗ ಜಾಗಾ ಎಲ್ಲಿ ಉಳೀತದ?" ಎಂದು ಬಾಗಿಲಲ್ಲೇ ನಕ್ಕು ಅಂಗಡಿಗೆ ಹೋಗಿದ್ದ.

ಹಿಂದಿನಿಂದ ಒಬ್ಬ ಮುದುಕ ಬಂದ. ಪೇಟೆಯಲ್ಲಿ ಛತ್ರಿ ರಿಪೇರಿ ಮಾಡುವ ಲಾಲ್ ಅಹ್ಮದ್. "ಸರೀಬ್ಯಾಡ ಅವ್ವಾ, ಕೂಡು. ನಾ ಛತ್ರಿ ಕಡ್ಡಿ ಇದ್ದಂಗ ಇದ್ದೀನಿ, ಎಲ್ಲಿ ಬೇಕಾದ್ರ ಹಿಡೀತೀನಿ" ಎಂದು ಕುಳಿತ. ಎಷ್ಟೋ ದಿನಗಳ ನಂತರ ಮೀನಾಗೆ ನಗು ಬಂತು.

ಅವಳ ಮಡಿಲಲ್ಲಿ ಸ್ಟೀಲ್ ಡಬ್ಬಿ ಇನ್ನೂ ಬೆಚ್ಚಗಿತ್ತು. ಒಳಗೆ ಅತ್ತೆ ಶೇವಂತಾಬಾಯಿ ಉಪವಾಸಕ್ಕೆಂದು ಸಬ್ಬಕ್ಕಿ ಹುರಿದು ಮಾಡಿಕೊಟ್ಟ ಸಾಬುದಾನಿ ಖಿಚಡಿ. ಸೊಸೆಯ ಗರ್ಭಚೀಲದ ಗಡ್ಡೆ ತೆಗೆಯುವ ಆಪರೇಷನ್ ಸುಸೂತ್ರವಾಗಿ ಆಗಲೆಂದು ಶೇವಂತಾಬಾಯಿ ನಾರಾಯಣಪುರದ ಶಿವನ ಗುಡಿಯಲ್ಲಿ ಹದಿನಾರು ಸೋಮವಾರದ ಹರಕೆ ಹೊತ್ತಿದ್ದರು. ಅತ್ತೆ ಸೊಸೆ ಇಬ್ಬರೂ ಆ ದಿನ ಜೋಳ, ಬೇಳೆ ಯಾವ ಕಾಳುಕಡಿಯನ್ನೂ ಮುಟ್ಟುವಂತಿಲ್ಲ. ಇದು ಹದಿನಾಲ್ಕನೆಯ ಸೋಮವಾರ. ಎಂಟು ಕಿಲೋ ಇಳಿಯದೆ ಆಪರೇಷನ್ ಇಲ್ಲ ಎಂದು ಡಾಕ್ಟರು ಹೇಳಿದ್ದರಿಂದ ಮೀನಾ ಗುರುವಾರ, ಶನಿವಾರವನ್ನೂ ಉಪವಾಸಕ್ಕೆ ಸೇರಿಸಿಕೊಂಡಿದ್ದಳು. ರಕ್ತ ಹೋಗಿ ಹೋಗಿ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲಾಗುತ್ತಿತ್ತು. ಇವತ್ತು ಡಾಕ್ಟರು ಆಪರೇಷನ್ನಿನ ತಾರೀಖು ಕೊಡಬೇಕಿತ್ತು.

ಆಸ್ಪತ್ರೆಯ ತೂಕದ ಯಂತ್ರ ಎಲ್ಲರೂ ಕೂರುವ ಪಡಸಾಲೆಯಲ್ಲೇ ಇತ್ತು. ಅಲ್ಲಿದ್ದ ಆಳು ಬಗ್ಗಿ ನೋಡಿ, ಹರಾಜು ಕೂಗಿದಂತೆ ಕೂಗಿದ: "ತೊಂಬತ್ತೇಳು!"

ಹೋದ ಸಲ ತೊಂಬತ್ತೈದು ಇತ್ತು.

ಡಾಕ್ಟರು ಚೀಟಿಯಿಂದ ತಲೆ ಎತ್ತಲಿಲ್ಲ. "ಬಾಯಿ ಕಟ್ಟೋದು ನಿಮ್ಮ ಕೆಲಸ. ಅದನ್ನ ನಾ ಮಾಡಾಕ ಬರಂಗಿಲ್ಲ."

"ವಾರದಾಗ ಮೂರು ದಿನ ಉಪವಾಸ ಮಾಡಾಕತ್ತೀನ್ರಿ."

"ಮಷೀನಿಗೆ ಹೇಳ್ರಿ ಅದನ್ನ. ಮೂರು ತಿಂಗಳ ಬಿಟ್ಟು ಬರ್ರಿ."

ಹೊರಗೆ ಬೆಂಚಿನ ತುದಿಯಲ್ಲಿ ಕುಳಿತ ಮೀನಾಳ ಹತ್ತಿರ ನರ್ಸ್ ಸ್ನೇಹಲ್ ಬಂದು, ಒಂದು ಲೋಟ ನೀರು ಕೊಟ್ಟು ಪಕ್ಕದಲ್ಲೇ ಕುಳಿತಳು. "ಅಕ್ಕಾ, ಉಪವಾಸದಾಗ ಏನ್ ತಿಂತೀರಿ?"

ಇಷ್ಟು ದಿನ ಇದನ್ನು ಯಾರೂ ಕೇಳಿರಲಿಲ್ಲ. ಮೀನಾ ಡಬ್ಬಿ ತೆರೆದಳು. ತುಪ್ಪದಲ್ಲಿ ಹೊಳೆಯುವ ಸಾಬುದಾನಿ, ಅರ್ಧಕ್ಕರ್ಧ ಶೇಂಗಾ ಪುಡಿ. ನಿಶ್ಶಕ್ತಿಯಾಗಬಾರದೆಂದು ಅತ್ತೆ ಎರಡು ಚಮಚ ತುಪ್ಪ ಹೆಚ್ಚೇ ಹಾಕಿದ್ದರು.

"ಇದು ಒಂದು ಹೊತ್ತಿಂದಾ?"

"ಎರಡು ಹೊತ್ತು. ಮತ್ತ ಚಾ. ಶೇಂಗಾ ಉಂಡಿ ಉಪವಾಸಕ್ಕ ನಡೀತದ..." ಮನೆಯಲ್ಲಿ ಯಾರಾದರೂ ಮಾತಿನಲ್ಲಿ ಚುಚ್ಚಿದ ದಿನ ಕಪಾಟಿನ ಮುಂದೆ ನಿಂತು ತಾನು ಎಷ್ಟು ಉಂಡಿ ತಿನ್ನುತ್ತಿದ್ದಳೆಂದು ಅವಳಿಗೊಬ್ಬಳಿಗೇ ಗೊತ್ತು. ಅದನ್ನು ಯಾರೂ ಅವಳ ಬಾಯಿಗೆ ತುರುಕಿರಲಿಲ್ಲ. "ನಾಕೈದು ತಿಂತೀನಿ" ಎಂದಳು ಮೆಲ್ಲಗೆ.

ಸ್ನೇಹಲ್ ನಗಲಿಲ್ಲ. "ಇದರಕಿಂತ ಎರಡು ಜ್ವಾಳದ ರೊಟ್ಟಿ, ಪುಂಡಿಪಲ್ಯ, ಒಂದು ವಾಟಿ ಬ್ಯಾಳಿ ಉಣ್ರಿ. ದಿನಾ ಉಣ್ರಿ. ಉಪವಾಸ ಬಿಡ್ರಿ. ಮೈಯಾಗ ರಕ್ತನೇ ಇಲ್ಲ ನಿಮಗ." ಎದ್ದವಳು ಮತ್ತೆ ಬಗ್ಗಿ, "ಮುಂದಿನ ಸಲ ಹಿಂದಿನ ಖೋಲಿಗೆ ಬರ್ರಿ. ತೂಕ ನಾ ನೋಡ್ತೀನಿ. ಕೂಗಂಗಿಲ್ಲ" ಎಂದಳು.

ಸಂಜೆ ಮನೆಯಲ್ಲಿ ಗಂಡಸರು ಊಟಕ್ಕೆ ಕುಳಿತಿದ್ದರು. ಮಾವ ಮಾಣಿಕಪ್ಪನವರಿಗೆ ಈಚೆಗೆ ಕಣ್ಣು ಅಷ್ಟು ಕಾಣದು. ಉಳ್ಳಾಗಡ್ಡಿಯನ್ನು ತಡವಿ ಹುಡುಕುತ್ತಿದ್ದರು. ಆಪರೇಷನ್ ಮತ್ತೆ ಮುಂದಕ್ಕೆ ಹೋಯಿತೆಂದು ಮೀನಾ ಹೇಳಿದಳು. ಶೇವಂತಾಬಾಯಿ ಡಬ್ಬಿ ಎತ್ತಿ ನೋಡಿದರು. ಖಿಚಡಿ ಹಾಗೇ ಇತ್ತು.

"ತಿಂದೇ ಇಲ್ಲಲ್ಲವ್ವ! ಮಧ್ಯಾಹ್ನ ಏನ್ ಮಾಡಿದಿ?"

ಮೀನಾ ಕೈ ತೊಳೆದು, ತಾಟು ತಗೊಂಡು, ಬುಟ್ಟಿಯಿಂದ ಒಂದು ಕಡಕ್ ರೊಟ್ಟಿ ಹಾಕಿಕೊಂಡಳು.

"ಇವತ್ತು ಸೋಮವಾರ," ಎಂದರು ಅತ್ತೆ.

"ಗೊತ್ತದ ಅತ್ತಿ. ಸಾಬುದಾನಿಯಿಂದನೇ ಮೈ ಬರಾಕತ್ತದಂತ. ನರ್ಸ್ ದಿನಾ ರೊಟ್ಟಿ ಉಣ್ಣು ಅಂದಾರ."

"ಸೋಮವಾರಾನೂ ಬಾಯಿ ಕಟ್ಟಾಕ ಆಗಲಿಲ್ಲೇನ?" ಎಂದ ಮಹೇಶಕುಮಾರ. "ಇನ್ನ ಎರಡೇ ಉಳಿದಿದ್ವು."

ಅವನ ಮಾತು ಮೀನಾಗೆ ರೂಢಿಯಾಗಿತ್ತು. ಅತ್ತೆಯ ಮುಖ ನೋಡುವುದು ಕಷ್ಟವಾಯಿತು.

"ನಿನ್ನ ಸಲುವಾಗಿ ನಾನೂ ಹಸದು ಕೂತೀನಿ ಮೀನಾ. ನನ್ನ ಕೈಯಾಗಿಂದು ತಿಂದು ನಿನಗ ಬ್ಯಾನಿ ಹೆಚ್ಚಾತು ಅಂತೀಯೇನ?"

"ಹಂಗಲ್ಲತ್ತಿ..."

ಆದರೆ ಅತ್ತೆ ಹೇಳಿದ್ದು ನಿಜವೇ ಆಗಿತ್ತು. ಶೇವಂತಾಬಾಯಿ ಆ ತಣ್ಣಗಾದ ಡಬ್ಬಿಯನ್ನೇ ತಗೊಂಡು, ಗೋಡೆ ಕಡೆ ಮುಖ ಮಾಡಿ ತಿನ್ನತೊಡಗಿದರು.

ಮೀನಾಳ ಒಂದು ರೊಟ್ಟಿ ಮುಗಿಯಿತು. ಹಸಿವು ಇನ್ನೂ ಇತ್ತು, ಆದರೆ ಬುಟ್ಟಿಯತ್ತ ಕೈ ಏಳಲಿಲ್ಲ.

"ಎಷ್ಟು ಉಣ್ಣು ಅಂದಾರವ್ವ?" ಮಾಣಿಕಪ್ಪ ಕೇಳಿದರು.

"ಎರಡು, ಮಾವಾ."

ಅವರು ಬುಟ್ಟಿಯನ್ನು ತಡವಿ, ಒಂದು ರೊಟ್ಟಿ ತೆಗೆದು ಅವಳ ತಾಟಿಗೆ ಹಾಕಿದರು. ಹುಡುಕಿ ಇಟ್ಟುಕೊಂಡಿದ್ದ ಉಳ್ಳಾಗಡ್ಡಿಯನ್ನೂ ಇತ್ತ ಸರಿಸಿದರು.

ಕಡಕ್ ರೊಟ್ಟಿ ಮುರಿದ ಸದ್ದು ಅಡುಗೆಮನೆ ತುಂಬ ಕೇಳಿತು. ಮಹೇಶಕುಮಾರ ತಾಟು ಬಿಟ್ಟು ಎದ್ದ. ಶೇವಂತಾಬಾಯಿ ತಿರುಗಲಿಲ್ಲ. ಮೀನಾ ತಲೆ ತಗ್ಗಿಸಿ, ನಿಧಾನವಾಗಿ, ಕೊನೆಯ ತುಣುಕಿನವರೆಗೂ ಉಂಡಳು.