ಸೀದ ಬ್ರೆಡ್ಡಿನ ವಾಸನೆ ಬಾರದಾಗ

ಒಲೆಯೊಳಗೆ ಬ್ರೆಡ್ಡು ಸೀದು ಕಪ್ಪಾಗುತ್ತಿತ್ತು. ಅದಕ್ಕೆ ಬೆನ್ನು ಹಾಕಿ ಟ್ರೇ ಒರೆಸುತ್ತಿದ್ದ ಬೇಕರಿಯವನಿಗೆ ಅದು ಗೊತ್ತೇ ಆಗಲಿಲ್ಲ. ಮಹಡಿಯಿಂದ ಹೆಂಡತಿ ಇಳಿದು ಬಂದಳು.

"ಅಲ್ಲ ರೀ, ವಾಸನೆ ಮೇಲಿನವರೆಗೂ ಬಂತು. ನಿಮಗೆ ಬರಲಿಲ್ವಾ?"

"ನೆಗಡಿ ಕಣೇ. ಮೂಗು ಕಟ್ಟಿದೆ."

ನೆಗಡಿ ಹಿಡಿದು ಎರಡು ವಾರವೇ ಆಗಿತ್ತು. ಮಧ್ಯೆ ಕಡಿಮೆಯಾದಂತೆ ಕಂಡು ಮತ್ತೆ ಜೋರಾಗಿತ್ತು. ಬಗ್ಗಿದರೆ ಕೆನ್ನೆ, ಹಣೆಯೆಲ್ಲ ಭಾರ. ಗಟ್ಟಿ ಹಳದಿ ಸಿಂಬಳ ಗಂಟಲಿಗೂ ಇಳಿಯುತ್ತಿತ್ತು. ವರ್ಷಗಟ್ಟಲೆ ಒಲೆಯ ಹೊಗೆ ಕುಡಿದು ಅವನ ಶ್ವಾಸಕೋಶ ಮೊದಲೇ ಸೊರಗಿತ್ತು. ಈಗ ಹಿಟ್ಟಿನ ಚೀಲ ಎತ್ತುವುದಿರಲಿ, ಮೆಟ್ಟಿಲು ಹತ್ತಿದರೂ ಏದುಸಿರು.

ಬ್ರೆಡ್ಡು ಕೊಳ್ಳಲು ಬಂದ ಪಕ್ಕದ ಮನೆಯ ನರ್ಸಕ್ಕ ಅವನ ಉಸಿರಾಟ ನೋಡಿ ಅಲ್ಲೇ ನಿಂತಳು.

"ಅಣ್ಣ, ಎದೆಗೆ ಅಂತ ಡಾಕ್ಟರ್ ಕೊಟ್ಟಿರೋ ಇನ್‌ಹೇಲರ್ ತಗೋತಿದೀರಾ?"

"ಮೂಗು ಕಟ್ಟಿರುವಾಗ ಅದನ್ನ ಎಳ್ಕೊಂಡು ಏನು ಪ್ರಯೋಜನ? ಹೋದ ಸಲ ನೆಗಡಿಗೆ ಕೊಟ್ಟ ಮಾತ್ರೆ ಉಳಿದಿತ್ತು, ಅದನ್ನೇ ನುಂಗ್ತಿದೀನಿ. ನನ್ನ ಮೂಗಿನ ವಿಷಯಕ್ಕೆ ನೀನ್ಯಾಕಮ್ಮ ಮೂಗು ತೂರಿಸ್ತೀಯ?"

ನರ್ಸಕ್ಕ ನಕ್ಕಳು. ಆಮೇಲೆ ಮೆಲ್ಲಗೆ ಹೇಳಿದಳು. "ಮೂಗು ಬೇರೆ, ಎದೆ ಬೇರೆ ಅಂದ್ಕೊಂಡಿದೀರಿ. ಉಸಿರು ಹೋಗೋ ದಾರಿ ಒಂದೇ ಅಲ್ವಾ? ವೈರಸ್ ನೆಗಡಿ ಆದ್ಮೇಲೆ ಕೆನ್ನೆ, ಹಣೆ ಒಳಗಿರೋ ಸೈನಸ್ ಗೂಡುಗಳು ಊದ್ಕೋಬಹುದು. ಬೇರೆಯವರಿಗೆ ಹೆಚ್ಚಾಗಿ ತಾನಾಗೇ ವಾಸಿ ಆಗುತ್ತೆ. ನಿಮ್ಮಂಥವರಿಗೆ ಅದರ ಜೊತೆ ಎದೆಯೂ ಕೆರಳಬಹುದು. ಇನ್‌ಹೇಲರ್ ಬಾಯಿಂದ ತಾನೇ ಎಳ್ಕೊಳ್ಳೋದು? ಅದನ್ನ ಬಿಡಬೇಡಿ. ಮಾತ್ರೆ ಯಾವುದು ಬೇಕು ಅಂತ ಡಾಕ್ಟರ್ ನೋಡಿ ಹೇಳ್ಲಿ."

"ಅಂಗಡಿ ಯಾರು ನೋಡ್ಕೋತಾರೆ?"

ಹೆಂಡತಿ ಒಲೆ ಆರಿಸಿದಳು. "ಇವತ್ತು ಮುಚ್ಚಿರಲಿ. ದಿನಾ ರಾತ್ರಿ ನೀವು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡ್ತೀರಿ. ನಾನು ನಿಮ್ಮ ಉಸಿರು ಕೇಳ್ತಾ ಎಚ್ಚರವಾಗಿರ್ತೀನಿ. ನನ್ನ ಕೈಲಿ ಇನ್ನು ಆಗಲ್ಲ."

ಅವಳೊಳಗೆ ಅಷ್ಟು ಭಯವಿದ್ದದ್ದು ಅವನಿಗೆ ತಿಳಿದೇ ಇರಲಿಲ್ಲ. ಚಪ್ಪಲಿ ಮೆಟ್ಟಿ ಹೊರಟ.

ಡಾಕ್ಟರ್ ಮೂಗು, ಎದೆ ಎರಡನ್ನೂ ಪರೀಕ್ಷಿಸಿದರು. ಸೈನಸ್ ಊದಿತ್ತು, ಎದೆಯ ಕಾಯಿಲೆಯೂ ಕೆರಳಿತ್ತು. ಇನ್ನೂ ತಡಮಾಡಿದ್ದರೆ ಆಸ್ಪತ್ರೆಗೇ ಸೇರಿಸಬೇಕಾಗುತ್ತಿತ್ತೆಂದು ಹೇಳಿ ಔಷಧಿ ಬರೆದರು. ಗುಣವಾದ ಮೇಲೆ ಫ್ಲೂ ಲಸಿಕೆ ಹಾಕಿಸಿಕೊಳ್ಳಲು ತಿಳಿಸಿದರು. ಚೇತರಿಕೆ ನಿಧಾನವಾಗಿಯೇ ಬಂತು. ಈ ಸಲ ಲಸಿಕೆ ಹಾಕಿಸಿಕೊಳ್ಳಲು ಅವನೇ ಹೆಂಡತಿಯನ್ನು ಜೊತೆಗೆ ಹೊರಡಿಸಿದ.

ನಿಮ್ಮ ಮನೆಯಲ್ಲೂ ಹಳೆಯ ಶ್ವಾಸಕೋಶದ ಕಾಯಿಲೆಯವರಿದ್ದಾರೆಯೇ? ಅವರ ನೆಗಡಿ ಹತ್ತು ದಿನ ಕಳೆದರೂ ಹೋಗದಿದ್ದರೆ, ಅಥವಾ ಕಡಿಮೆಯಾಗಿ ಮತ್ತೆ ಹೆಚ್ಚಾದರೆ, ವೈದ್ಯರಿಗೆ ತೋರಿಸಿ. ಉಸಿರಾಟ ಕಷ್ಟವಾದರೆ ಅಷ್ಟು ದಿನವೂ ಕಾಯಬೇಡಿ. ಮಾತಾಡಲು ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ, ಕಣ್ಣಿನ ಸುತ್ತ ಊದಿಕೊಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. "ಬರೀ ನೆಗಡಿ" ಎನ್ನುವ ಮೊದಲು ಅವರ ಉಸಿರಿಗೆ ಒಮ್ಮೆ ಕಿವಿಗೊಡಿ.